ಅವ್ವನ ಎಡಗಣ್ಣು

ನಮ್ಮ ಮನೆಯ ಫೋಟೋಗಳನ್ನು ಸಾಲಾಗಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. 2018ರ ನಂತರದ ಯಾವ ಫೋಟೋದಲ್ಲೂ ನಮ್ಮ ಅವ್ವನ ಎಡಗೈ ಖಾಲಿ ಇಲ್ಲ. ತಮ್ಮನ ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗ, ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ, ಪುಣೆಯ ಮನೆಯ ಗೃಹಪ್ರವೇಶದಲ್ಲಿ, ಎಲ್ಲ ಕಡೆಯೂ ಆ ಕೈಯಲ್ಲಿ ಸೆರಗಿನ ತುದಿ ಇದೆ, ಇಲ್ಲವೇ ಮಡಚಿದ ಕರವಸ್ತ್ರ ಇದೆ. ಕೆಲವು ಫೋಟೋಗಳಲ್ಲಿ ಅದು ಕಣ್ಣಿನ ಮೇಲೇ ಇದೆ.

ಅಪ್ಪ ತೀರಿಕೊಂಡದ್ದು 2017ರಲ್ಲಿ. ರಾತ್ರಿ ಎದೆನೋವು ಅಂದರು, ಗದಗಿಗೆ ಕರೆದೊಯ್ಯುವಷ್ಟರಲ್ಲಿ ಮುಗಿದಿತ್ತು. ನಾನು ಪುಣೆಯಿಂದ ಸಿಕ್ಕ ಬಸ್ಸು ಹಿಡಿದು ಮರುದಿನ ಮಧ್ಯಾಹ್ನ ಊರು ಮುಟ್ಟಿದೆ. ಅದಾದ ಕೆಲವು ತಿಂಗಳಿಗೆ ಅವ್ವನ ಕಣ್ಣಲ್ಲಿ ನೀರು ಬರಲು ಶುರುವಾಯಿತು. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಯಜಮಾನ್ರು ಹೋದಾಗಿಂದ ಆಕಿ ಕಣ್ಣು ಆರಿಲ್ಲ ನೋಡ್ರಿ." ನಾನೂ ಅದನ್ನೇ ನಂಬಿದೆ. ವಿಡಿಯೋ ಕಾಲ್‌ನಲ್ಲಿ ಅವ್ವ ಕಣ್ಣು ಒರೆಸಿಕೊಂಡರೆ ಮಾತು ಬದಲಿಸುತ್ತಿದ್ದೆ. ಹೊಲದ ಸುದ್ದಿ, ಮಳೆಯ ಸುದ್ದಿ ಕೇಳುತ್ತಿದ್ದೆ. ದುಃಖಕ್ಕೆ ಕಾಲವೇ ಮದ್ದು ಎಂದು ಸಮಾಧಾನ ಮಾಡಿಕೊಂಡು ಆರು ವರ್ಷ ಕಳೆದೆವು.

ಈ ಸಮಾಧಾನದಲ್ಲಿ ನನಗೊಂದು ಅನುಕೂಲವೂ ಇತ್ತು ಎಂದು ಈಗ ಅನ್ನಿಸುತ್ತದೆ. ದುಃಖ ಎಂದುಬಿಟ್ಟರೆ ರಜೆ ಹಾಕಬೇಕಿಲ್ಲ, ಡಾಕ್ಟರ ಬಳಿ ಸಾಲಿನಲ್ಲಿ ಕೂರಬೇಕಿಲ್ಲ. ತಮ್ಮ ಒಮ್ಮೆ ಅವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದ್ದ. ಅವರು ಹನಿ ಬರೆದುಕೊಟ್ಟರು. ಬಾಟಲಿ ಮುಗಿಯುವವರೆಗೆ ಸ್ವಲ್ಪ ಕಡಿಮೆಯಾಯಿತು, ಆಮೇಲೆ ಮತ್ತೆ ಅದೇ. ಓಣಿಯವರು ನಂದಿಬಟ್ಟಲ ಹೂವಿನ ರಸ ಹಿಂಡಿ ನೋಡಿದರು, ಹರಳೆಣ್ಣೆ ಹಚ್ಚಿದರು. ಏನೂ ಆಗಲಿಲ್ಲ. ಅವ್ವ ಕರವಸ್ತ್ರಗಳ ಸಂಖ್ಯೆ ಹೆಚ್ಚಿಸಿಕೊಂಡಳು, ಅಷ್ಟೇ.

ಇತ್ತ ನನ್ನ ಕಣ್ಣಿನ ಕಥೆ ಬೇರೆ. ಕೆಲವು ವರ್ಷದ ಹಿಂದೆ ನನಗೂ ನೀರು ಸುರಿಯಲು ಶುರುವಾಯಿತು. ವಾಕಡ್‌ನಿಂದ ಹಿಂಜವಡಿಗೆ ಗಾಡಿಯಲ್ಲಿ ಹೋಗುವಾಗ ಹೆಲ್ಮೆಟ್ಟಿನ ಗಾಜು ಎತ್ತಿದರೆ ಸಾಕು, ಎರಡೂ ಕೆನ್ನೆ ಒದ್ದೆ. ಆಫೀಸಿನ ಎಸಿಯಲ್ಲಿ ಮಧ್ಯಾಹ್ನ ಮೂರು ದಾಟಿದರೆ ಕಣ್ಣಲ್ಲಿ ಮರಳು ಬಿದ್ದಂತೆ ಚುರುಚುರು, ಹಿಂದೆಯೇ ನೀರು. ಒಂದು ದಿನ ನಮ್ಮ ತಂಡದ ಹುಡುಗನೊಬ್ಬನಿಗೆ ಈ ವರ್ಷ ನಿನಗೆ ಬಡ್ತಿ ಇಲ್ಲ ಎಂದು ವಿಡಿಯೋ ಕಾಲ್‌ನಲ್ಲಿ ಹೇಳಬೇಕಿತ್ತು. ಮಾತಿನ ನಡುವೆ ನನ್ನ ಕಣ್ಣಿಂದ ಧಾರೆ ಇಳಿಯಿತು. ಆ ಹುಡುಗ ಗಾಬರಿಯಾಗಿ, "ಪರವಾಗಿಲ್ಲ ಸರ್, ಮುಂದಿನ ವರ್ಷ ನೋಡೋಣ, ನೀವು ಬೇಜಾರು ಮಾಡ್ಕೋಬೇಡಿ" ಎಂದು ನನಗೇ ಸಮಾಧಾನ ಹೇಳಿದ. ನಾನು ತಿದ್ದಲಿಲ್ಲ. ಒಳ್ಳೆಯ ಮ್ಯಾನೇಜರ್ ಎಂಬ ಹೆಸರು ಆ ವಾರವೆಲ್ಲ ಓಡಾಡಿತು.

ನಾನು ಮೆಡಿಕಲ್ ಅಂಗಡಿಗೆ ಹೋಗಿ, ಕಣ್ಣು ಕೆಂಪಾದರೆ ಹಾಕುವ ಹನಿ ತಂದು ವರ್ಷದ ಮೇಲೆ ಹಾಕಿಕೊಂಡೆ. ಚೀಟಿ ಇಲ್ಲ, ಡಾಕ್ಟರ್ ಇಲ್ಲ. ಇಷ್ಟು ಓದಿದವನ ಬುದ್ಧಿ ಇಷ್ಟು.

2024ರ ಫೆಬ್ರವರಿಯಲ್ಲಿ ಅವ್ವನನ್ನು ಪುಣೆಗೆ ಕರೆತಂದೆ. ಅವಳಿಗಾಗ 64. ಬಲಗಣ್ಣಿಗೂ ಎಡಗಣ್ಣಿಗೂ ಪೊರೆ ಬಂದಿತ್ತು. ಅಕ್ಕಿ ಆರಿಸುವಾಗ ಕಲ್ಲು ಕಾಣುವುದಿಲ್ಲ ಎಂದಿದ್ದಳು. ಪೊರೆಯ ಆಪರೇಷನ್ ಮಾಡಿಸಿ ಕಳಿಸೋಣ, ಒಂದು ತಿಂಗಳ ಕೆಲಸ ಎಂದುಕೊಂಡಿದ್ದೆ. ಕಣ್ಣಿನ ನೀರಿನ ಬಗ್ಗೆ ಡಾಕ್ಟರಿಗೆ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಆದರೆ ಹಿಂದಿನ ದಿನ ರಾತ್ರಿ ಊಟಕ್ಕೆ ಕೂತಾಗ ಐದು ವರ್ಷದ ಮಗಳು ಒಂದು ಪ್ರಶ್ನೆ ಕೇಳಿದಳು. "ಪಪ್ಪಾ, ಆಯಿ ಒಂದಽ ಕಣ್ಣಿಂದ ಯಾಕ ಅಳತಾಳ?" ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಮಗಳ ಮಾತಿಗೆ ನಾವು ಮೂವರೂ ನಕ್ಕೆವು. ಅವ್ವನೂ ನಕ್ಕಳು. ಕೈ ತೊಳೆಯುವಾಗ ನನಗೆ ಆ ಪ್ರಶ್ನೆ ಮತ್ತೆ ನೆನಪಾಯಿತು. ಹೌದಲ್ಲ, ಬಲಗಣ್ಣು ಒಣಗೇ ಇರುತ್ತದೆ. ಆರು ವರ್ಷದಿಂದ ಒರೆಸುತ್ತಿರುವುದು ಎಡಗಣ್ಣನ್ನು ಮಾತ್ರ. ಗಂಡನ ನೆನಪಿಗೆ ಒಂದೇ ಕಣ್ಣಿಂದ ಯಾರಾದರೂ ಅಳುತ್ತಾರೆಯೇ? ಇದನ್ನು ಕೇಳಲು ಮನೆಯಲ್ಲಿ ಮಗುವೇ ಬೇಕಾಯಿತು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರ್ ಒಬ್ಬ ಮರಾಠಿ ಹೆಣ್ಣುಮಗಳು, ಹೆಚ್ಚು ಕಡಿಮೆ ನನ್ನ ವಯಸ್ಸಿನವರು. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಡಾಕ್ಟರಿಗೆ ಕನ್ನಡ ಬರುವುದಿಲ್ಲ. ನಡುವೆ ನಾನು. ಮಗಳು ಆಯಿ ಆಯಿ ಎಂದು ಅವ್ವನ ಬೆನ್ನು ಹತ್ತಿದ್ದರಿಂದ ನರ್ಸ್ ಇವಳನ್ನೇ ಮಗುವಿನ ತಾಯಿ ಎಂದು ತಿಳಿದು ಒಂದು ಕ್ಷಣ ತಬ್ಬಿಬ್ಬಾದಳು. ಮರಾಠಿಯಲ್ಲಿ ಆಯಿ ಅಂದರೆ ಅಮ್ಮ.

ಪೊರೆ ನೋಡಿದ ಮೇಲೆ ಡಾಕ್ಟರ್ ಅವ್ವನ ಎಡಗಣ್ಣಿನ ಒಳಮೂಲೆಯಲ್ಲಿ, ಮೂಗಿನ ಎಲುಬಿನ ಪಕ್ಕ, ಬೆರಳಿನಿಂದ ಮೆಲ್ಲಗೆ ಒತ್ತಿದರು. ರೆಪ್ಪೆಯ ಅಂಚಿನಲ್ಲಿರುವ ಸಣ್ಣ ರಂಧ್ರದಿಂದ ಹಳದಿ ಬಿಳುಪಿನ ಗಟ್ಟಿ ದ್ರವ ಹೊರಬಂತು. ಕೀವು. ನಾನು ಪಕ್ಕದಲ್ಲೇ ನಿಂತಿದ್ದೆ.

"ಕಿತಿ ವರ್ಷಾಂಪಾಸೂನ್ ಆಹೆ ಹೆ?" ಎಷ್ಟು ವರ್ಷದಿಂದ ಇದು, ಎಂದರು.

ನಾನು ಅವ್ವನನ್ನು ಕೇಳಿದೆ. ಅವ್ವ, "ನಿಮ್ಮಪ್ಪ ಹೋದ ಮರುವರ್ಷದಿಂದ" ಎಂದಳು. ಬೆಳಗ್ಗೆ ಏಳುವಾಗ ಪಿಸುರು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತದೆ, ಬಿಸಿನೀರು ಹಚ್ಚಿ ಬಿಡಿಸಿಕೊಳ್ಳುತ್ತೇನೆ ಎಂದೂ ಹೇಳಿದಳು. ಇದು ನನಗೆ ಗೊತ್ತೇ ಇರಲಿಲ್ಲ. ನಾನು ಆರು ವರ್ಷ ಎಂದು ಭಾಷಾಂತರಿಸಿದೆ. ಡಾಕ್ಟರ್ ನನ್ನ ಕಡೆ ನೋಡಿದ ನೋಟವನ್ನು ಭಾಷಾಂತರಿಸಬೇಕಿರಲಿಲ್ಲ.

ಪೊರೆಯ ಆಪರೇಷನ್ ಮುಂದಕ್ಕೆ ಹೋಯಿತು. ಕಣ್ಣಿನ ಪಕ್ಕದಲ್ಲೇ ಕೀವು ತುಂಬಿದ ಚೀಲ ಇಟ್ಟುಕೊಂಡು ಕಣ್ಣನ್ನು ಕೊಯ್ದರೆ ಆ ಸೋಂಕು ಕಣ್ಣುಗುಡ್ಡೆಯ ಒಳಗೆ ಇಳಿಯಬಹುದು. ಇಳಿದರೆ ಆ ಕಣ್ಣಿನ ದೃಷ್ಟಿಯೇ ಹೋಗಬಹುದು. ಹೀಗಾಗಿಯೇ ಪೊರೆ ತೆಗೆಯುವ ಮುಂಚೆ ಕಣ್ಣೀರಿನ ದಾರಿ ತೆರೆದಿದೆಯೇ ಎಂದು ನೋಡುತ್ತಾರಂತೆ. ಮೊದಲು ಇದು, ಮೋತಿಬಿಂದು ಆಮೇಲೆ ಎಂದರು.

ಕೇಸ್ ಪೇಪರಿನ ಹಿಂದೆ ಅವರು ಚಿತ್ರ ಬರೆದು ತೋರಿಸಿದರು. ಕಣ್ಣಿನ ಮೇಲ್ಭಾಗದಲ್ಲಿ, ಹೊರಮೂಲೆಯ ಕಡೆ, ಎಲುಬಿನ ಒಳಗೆ ಕಣ್ಣೀರಿನ ಗ್ರಂಥಿ ಇದೆ. ಅಲ್ಲಿಂದ ಬಂದ ನೀರು ಕಣ್ಣನ್ನು ತೊಳೆಯುತ್ತ ಒಳಮೂಲೆಗೆ ಬರುತ್ತದೆ. ಅಲ್ಲಿ ಮೇಲಿನ ರೆಪ್ಪೆಯಲ್ಲೊಂದು, ಕೆಳಗಿನ ರೆಪ್ಪೆಯಲ್ಲೊಂದು ಸೂಜಿಮೊನೆಯಷ್ಟು ರಂಧ್ರ. ಕನ್ನಡಿಯ ಮುಂದೆ ಕೆಳರೆಪ್ಪೆಯನ್ನು ತುಸು ಎಳೆದರೆ ನಮಗೇ ಕಾಣುತ್ತದೆ. ಪ್ರತಿ ಸಲ ರೆಪ್ಪೆ ಬಡಿದಾಗ ನೀರು ಆ ರಂಧ್ರಕ್ಕೆ ಹೀರಿಕೊಂಡು, ಸಣ್ಣ ಕಾಲುವೆಗಳ ಮೂಲಕ ಮೂಗಿನ ಪಕ್ಕದ ಕಣ್ಣೀರಿನ ಚೀಲಕ್ಕೆ, ಅಲ್ಲಿಂದ ಎಲುಬಿನೊಳಗಿನ ನಾಳದ ಮೂಲಕ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸುರಿಯುವುದು ಇದೇ ಕಾರಣಕ್ಕೆ. ಕಣ್ಣಿಗೆ ಹಾಕಿದ ಹನಿ ಗಂಟಲಲ್ಲಿ ಕಹಿಯಾಗುವುದೂ ಇದಕ್ಕೇ.

ಇದನ್ನೆಲ್ಲ ಅವ್ವನಿಗೆ ಹೇಗೆ ಹೇಳುವುದೆಂದು ನಾನು ಪದ ಹುಡುಕುತ್ತಿದ್ದೆ. ಅವ್ವ ಚಿತ್ರ ನೋಡಿ ತಾನೇ ಹೇಳಿದಳು: "ನಳಾ ಜೋರ ಬಿಟ್ರೂ ಬಚ್ಚಲ ತುಂಬತೇತಿ, ಮೋರಿ ಕಟ್ಟಿದ್ರೂ ತುಂಬತೇತಿ. ನಂದು ಮೋರಿ ಕಟ್ಟೇತಿ ಅನ್ನು." ನಾನು ಅದನ್ನು ಹಿಂದಿಗೆ ತಿರುಗಿಸಿದೆ. ಡಾಕ್ಟರ್ ನಕ್ಕು, "ಆಯಿಗೆ ಗೊತ್ತಾಯಿತು, ನಿಮಗೆ ಗೊತ್ತಾಯಿತಾ?" ಎಂದರು.

ಆಮೇಲೆ ಅದನ್ನು ಖಚಿತ ಮಾಡಲು ಒಂದು ಪರೀಕ್ಷೆ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಮೊಂಡು ತುದಿಯ ತೆಳು ಸೂಜಿಯಿಂದ ಆ ರಂಧ್ರದೊಳಗೆ ಉಪ್ಪುನೀರು ಬಿಡುತ್ತಾರೆ. ದಾರಿ ತೆರೆದಿದ್ದರೆ ಗಂಟಲಿಗೆ ಉಪ್ಪು ರುಚಿ ಬರಬೇಕು. ಮೊದಲು ಬಲಗಣ್ಣು. "ಉಪ್ಪ ಹತ್ತಿತೇನಬೇ?" ಎಂದು ಕೇಳಿದೆ. "ಹತ್ತಿತೋ" ಎಂದಳು. ಆಮೇಲೆ ಎಡಗಣ್ಣು. ಕೆಳಗಿನ ರಂಧ್ರದಲ್ಲಿ ಬಿಟ್ಟ ನೀರು ಮೇಲಿನ ರಂಧ್ರದಿಂದ ಕೀವಿನ ಎಳೆಗಳ ಜೊತೆ ಹೊರಗೆ ಬಂತು. "ಈಗ?" "ಇಲ್ಲೋ. ಏನೂ ಇಲ್ಲ. ಸಪ್ಪಗೈತಿ."

ಅಂದು ಮನೆಗೆ ಬಂದ ಮೇಲೆ ನನ್ನ ಹೆಂಡತಿ ಒಂದು ಮಾತು ನೆನಪಿಸಿದಳು. 2019ರಲ್ಲಿ ನಮ್ಮ ಮಗಳು ಹುಟ್ಟಿದಾಗ ಅವಳ ಬಲಗಣ್ಣಲ್ಲೂ ಹೀಗೇ ನೀರು, ಪಿಸುರು. ಹುಟ್ಟಿದ ಕೂಸುಗಳಲ್ಲಿ ಆ ನಾಳದ ಕೆಳತುದಿಯ ತೆಳು ಪೊರೆ ಕೆಲವೊಮ್ಮೆ ತೆರೆದಿರುವುದಿಲ್ಲ. ಮಕ್ಕಳ ಡಾಕ್ಟರ್ ತಿಕ್ಕುವ ಕ್ರಮ ಕಲಿಸಿದ್ದರು. ಕೈ ತೊಳೆದು, ಉಗುರು ಕತ್ತರಿಸಿದ ಕಿರುಬೆರಳನ್ನು ಕಣ್ಣಿನ ಒಳಮೂಲೆಯಲ್ಲಿಟ್ಟು, ಒತ್ತಿ, ಮೂಗಿನ ಪಕ್ಕ ಕೆಳಗೆ ಇಳಿಸಬೇಕು. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಮೂರು ನಾಲ್ಕು ಸಲ. ಬಹುಪಾಲು ಕೂಸುಗಳಲ್ಲಿ ವರ್ಷ ತುಂಬುವುದರೊಳಗೆ ತಾನೇ ತೆರೆಯುತ್ತದೆ, ತೆರೆಯದಿದ್ದರೆ ಮಾತ್ರ ಸಣ್ಣ ಸಲಾಕೆ ಹಾಕಿ ತೆರೆಯುತ್ತಾರೆ. ಕ್ರಿಗ್ಲರ್ ಎಂಬ ಡಾಕ್ಟರ್ 1923ರಲ್ಲೇ ಬರೆದಿಟ್ಟ ವಿಧಾನ ಇದು. ಆಗ ನಮ್ಮಲ್ಲಿಗೆ ಬಂದಿದ್ದ ಅವ್ವನೇ ಆ ಕೆಲಸ ವಹಿಸಿಕೊಂಡಿದ್ದಳು. ಕಾಲ ಮೇಲೆ ಕೂಸನ್ನು ಹಾಕಿಕೊಂಡು ಬಲಗೈ ಕಿರುಬೆರಳಿಂದ ಅದರ ಕಣ್ಣಮೂಲೆ ಒತ್ತುತ್ತ, ಎಡಗೈ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಫೋಟೋ ಕೂಡ ನಮ್ಮಲ್ಲಿದೆ. ಮಗಳ ಕಣ್ಣು ಎಂಟನೇ ತಿಂಗಳಿಗೆ ಸರಿಯಾಯಿತು. ಪಕ್ಕದಲ್ಲಿದ್ದ ಇನ್ನೊಂದು ಕಣ್ಣನ್ನು ನಾವು ನೋಡಲಿಲ್ಲ.

ದೊಡ್ಡವರಲ್ಲಿ ಹೀಗೆ ತಿಕ್ಕಿದರೆ ದಾರಿ ತೆರೆಯುವುದಿಲ್ಲ. ವಯಸ್ಸಾದಂತೆ ನಾಳದ ಒಳಗೋಡೆ ಉರಿಯೂತದಿಂದ ಬಾತು, ಕ್ರಮೇಣ ಮುಚ್ಚಿಕೊಂಡಿರುತ್ತದೆ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ಅವರ ಎಲುಬಿನೊಳಗಿನ ನಾಳ ಕಿರಿದಾಗಿರುವುದು ಒಂದು ಕಾರಣ. ಹನಿಯಿಂದ ಸೋಂಕು ಕೆಲವು ದಿನ ತಗ್ಗೀತು, ಕಟ್ಟಿದ ದಾರಿ ಬಿಡುವುದಿಲ್ಲ. ಊರಲ್ಲಿ ಹನಿ ಹಾಕಿದಾಗ ಕಡಿಮೆಯಾಗಿ ಮತ್ತೆ ಬಂದದ್ದು ಇದಕ್ಕೇ.

ಉಪಾಯ ಒಂದೇ. ಕಣ್ಣೀರಿನ ಚೀಲಕ್ಕೂ ಮೂಗಿಗೂ ನಡುವೆ ಇರುವ ತೆಳು ಎಲುಬಿನಲ್ಲಿ ಕಿಟಕಿ ಕೊರೆದು, ಹೊಸ ದಾರಿ ಮಾಡುವುದು. ಡಾಕ್ಟರುಗಳು ಡಿಸಿಆರ್ ಅನ್ನುತ್ತಾರೆ. ಇಟಲಿಯ ಟೋಟಿ ಎಂಬವರು 1904ರಲ್ಲಿ ವಿವರಿಸಿದ ಶಸ್ತ್ರಚಿಕಿತ್ಸೆ. ಮೂಗಿನ ಪಕ್ಕ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಮಾಡುವುದು ಒಂದು ಬಗೆ, ಮೂಗಿನ ಒಳಗಿನಿಂದಲೇ ಎಂಡೋಸ್ಕೋಪ್ ಹಾಕಿ ಮಾಡುವುದು ಇನ್ನೊಂದು ಬಗೆ. 100ರಲ್ಲಿ ಸುಮಾರು 90 ಜನರಿಗೆ ಗುಣ ಸಿಗುತ್ತದೆ ಎಂದರು.

ಎಲುಬು ಕೊರೆಯುತ್ತಾರೆ ಎಂದ ಕೂಡಲೇ ಅವ್ವ ಹಿಂಜರಿದಳು. ಊರಿಂದ ಫೋನುಗಳು ಶುರುವಾದವು. ಈ ವಯಸ್ಸಿಗೆ ಯಾಕೆ, ನೀರು ಬಂದರೆ ಬರಲಿ, ಸಾಯುವವರೆಗೆ ಒರೆಸಿಕೊಂಡರಾಯಿತು ಎಂದು ದೊಡ್ಡಪ್ಪ ಅಂದರು. ಹಾಗೇ ಬಿಟ್ಟರೆ ಏನಾಗುತ್ತದೆಂದು ಡಾಕ್ಟರ್ ನನಗೆ ಹೇಳಿದ್ದರು. ಯಾವತ್ತಾದರೂ ಆ ಚೀಲ ಬಾತು, ಕೆಂಪಗಾಗಿ, ಜ್ವರ ಬಂದು ಬಾವಾಗಬಹುದು. ಸೋಂಕು ಸುತ್ತಲೂ ಹರಡಬಹುದು. ಪೊರೆಯಂತೂ ತೆಗೆಯಲಾಗುವುದಿಲ್ಲ.

ಆ ರಾತ್ರಿ ಬಾಲ್ಕನಿಯಲ್ಲಿ ಕೂತಾಗ ಅವ್ವ ಕೇಳಿದಳು. "ಅತ್ತು ಅತ್ತು ಹಿಂಗಾತೇನೋ?"

"ಇಲ್ಲಬೇ. ಅಳೋದಕ್ಕೂ ಇದಕ್ಕೂ ಸಂಬಂಧ ಇಲ್ಲಂತ. ನಾನಽ ಕೇಳಿದೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. "ನಾ ಅಳೂದು ಬಿಟ್ಟು ಭಾಳ ದಿನಾ ಆತು. ಮದಲಿನ ವರ್ಷ ಅತ್ತೆ, ಆಮ್ಯಾಲ ಎಲ್ಲಿ ಟೈಮ್ ಇತ್ತು? ನೀವೆಲ್ಲಾ ಅಳತಾಳ ಅಳತಾಳ ಅಂದ್ರಿ. ಅಲ್ಲ ಅಂದ್ರ ಗಂಡನ್ನ ಮರತಾಳ ಅಂತಾರ. ಸುಮ್ಮನಾದೆ."

"ನನಗರ ಹೇಳಬೇಕಿಲ್ಲೇನು?"

"ಹೇಳಿದ್ರ ನೀ ರಜಾ ಹಾಕಿ ಬರಬೇಕು. ಆಕಿ ಬಾಣಂತಿ ಇದ್ಲು, ಆಮ್ಯಾಲ ಕೊರೋನಾ ಬಂತು, ಆಮ್ಯಾಲ ನೀ ಮನಿ ತಗೊಂಡಿ. ಕಣ್ಣೀರಿಗೇನು, ಒರಸಿಕೊಂಡ್ರ ಹೋಗತೇತಿ."

ನನಗೆ ಮಾತು ಹೊರಡಲಿಲ್ಲ. ಕೆಳಗೆ ಹೈವೇಯಲ್ಲಿ ಬೆಂಗಳೂರು ಕಡೆಯ ಬಸ್ಸುಗಳು ಹೋಗುತ್ತಿದ್ದವು. ತಾನು ಅಳುತ್ತಿಲ್ಲ ಎಂದು ಹೇಳುವ ಹಕ್ಕನ್ನೂ ನಾವು ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ.

ಆಪರೇಷನ್ನಿಗೆ ಅವಳು ಒಪ್ಪಿದ್ದು ಪೊರೆಯ ಆಸೆಗೆ. ಮೊಮ್ಮಗಳ ಮುಖ ಸರಿಯಾಗಿ ಕಾಣಬೇಕು, ಅಕ್ಕಿಯ ಕಲ್ಲು ಕಾಣಬೇಕು. ಬಿಪಿ ಹತೋಟಿಗೆ ತರಲು ಹದಿನೈದು ದಿನ ಹಿಡಿಯಿತು. ಮೂಗಿನ ಒಳಗೆ ರಕ್ತನಾಳ ಹೆಚ್ಚು, ಬಿಪಿ ಏರಿದ್ದರೆ ರಕ್ತ ನಿಲ್ಲುವುದಿಲ್ಲವಂತೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮುಂಚೆಯೇ ತಿಳಿಸಬೇಕು ಎಂದು ಎರಡೆರಡು ಸಲ ಕೇಳಿದರು. ಆ ಭಾಗ ಮಾತ್ರ ಮರಗಟ್ಟಿಸಿ, ನಿದ್ದೆ ಬರುವ ಇಂಜೆಕ್ಷನ್ ಕೊಟ್ಟು, ಹೊರಗಿನಿಂದ ಮಾಡಿದರು. ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು. ಮೂಗಿಗೆ ಹಾಕಿದ್ದ ಪಟ್ಟಿಯನ್ನು ಮರುದಿನ ತೆಗೆದರು, ಹೊಲಿಗೆಯನ್ನು ವಾರದ ಮೇಲೆ.

ಮನೆಯಲ್ಲಿ ನಿಯಮಗಳು ಹಲವು. ಮೂಗು ಸೀಟಬಾರದು, ಬಗ್ಗಿ ಭಾರ ಎತ್ತಬಾರದು, ತಲೆಯ ಕೆಳಗೆ ಎರಡು ದಿಂಬು, ಮೊದಲೆರಡು ದಿನ ಬಿಸಿಬಿಸಿ ಏನೂ ಕುಡಿಯಬಾರದು. ಅವ್ವನಿಗೆ ಗಾಯಕ್ಕಿಂತ ಹೆಚ್ಚು ನೋವಾದದ್ದು ಆರಿದ ಚಹಾ. "ಇದಕ್ಕಿಂತ ಆ ನೀರಽ ಚಲೋ ಇತ್ತು" ಎಂದಳು.

ನಾಲ್ಕನೇ ದಿನ ಕಣ್ಣಿಗೆ ಹನಿ ಹಾಕಿದೆ. ಅವ್ವ ಮುಖ ಸಿಂಡರಿಸಿದಳು. "ಔಷಧ ಗಂಟಲಕ್ಕ ಇಳೀತೋ. ಏನ್ ಕಹಿ ಐತಿ!" ನಾನು ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ಅವರಿಗೆ ಖುಷಿಯೋ ಖುಷಿ. ಆಯಿಗೆ ಪೇಡೆ ತಿನ್ನಿಸಿ, ದಾರಿ ತೆರೆದಿದೆ ಎಂದರು. ಆರು ವರ್ಷದಲ್ಲಿ ಮೊದಲ ಸಲ ಎಡಗಣ್ಣಿನ ನೀರು ತನ್ನ ದಾರಿಯಲ್ಲಿ ಹೋಗಿತ್ತು. ಎಡಗಣ್ಣಿನ ಪೊರೆಯನ್ನು ಏಪ್ರಿಲ್ ಕೊನೆಗೆ ತೆಗೆದರು, ಬಲಗಣ್ಣಿನದನ್ನು ಮತ್ತೊಂದು ತಿಂಗಳ ಮೇಲೆ.

ಅವ್ವನ ಸರದಿಯ ನಡುವೆ ಡಾಕ್ಟರ್ ನನ್ನನ್ನೂ ಹಿಡಿದು ಕೂರಿಸಿದರು. ನನ್ನ ಕೆನ್ನೆಯ ಮೇಲಿನ ನೀರು ಅವರಿಗೆ ಕಂಡಿತ್ತು. ನಮ್ಮದು ಮನೆತನದ ರೋಗವೇ ಎಂದು ಕೇಳಿದೆ. ಇಲ್ಲ ಎಂದರು. ಕೆಳರೆಪ್ಪೆಗೆ ತೆಳು ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸಿದರು. ಷಿರ್ಮರ್ ಎಂಬ ಜರ್ಮನ್ ವೈದ್ಯ 1903ರಲ್ಲಿ ಹೇಳಿದ ಪರೀಕ್ಷೆ, ಇಂದಿಗೂ ಅದೇ. ಪಟ್ಟಿ ಸಾಕಷ್ಟು ಒದ್ದೆಯಾಯಿತು, ನೀರಿಗೆ ಕೊರತೆ ಇಲ್ಲ. ಆಮೇಲೆ ಕಿತ್ತಳೆ ಬಣ್ಣದ ಔಷಧ ಹಾಕಿ, ನೀಲಿ ಬೆಳಕಿನಲ್ಲಿ ನೋಡುತ್ತ, ರೆಪ್ಪೆ ಬಡಿಯಬೇಡಿ ಎಂದರು. ಕಣ್ಣಿನ ಮೇಲಿನ ನೀರಿನ ಪದರ 10 ಸೆಕೆಂಡಾದರೂ ಒಡೆಯದೆ ನಿಲ್ಲಬೇಕು. ನನ್ನದು 4 ಸೆಕೆಂಡಿಗೆ ಒಡೆಯಿತು.

"ನಿಮ್ಮ ಕಣ್ಣು ಒಣಗಿದೆ" ಎಂದರು. ನೀರು ಸುರಿಯುವ ಕಣ್ಣು ಒಣಗಿದೆ ಎಂದರೆ ನಂಬುವುದು ಹೇಗೆ?

ವಿಷಯ ಹೀಗೆ. ಕಣ್ಣೀರು ಬರೀ ನೀರಲ್ಲ. ರೆಪ್ಪೆಗಳ ಅಂಚಿನಲ್ಲಿ ಸಾಲಾಗಿ ಎಣ್ಣೆಯ ಗ್ರಂಥಿಗಳಿವೆ. ಅವುಗಳಿಂದ ಬರುವ ತೆಳು ಎಣ್ಣೆ ನೀರಿನ ಮೇಲೆ ಹರಡಿ, ಅದು ಆರಿ ಹೋಗದಂತೆ ಕಾಯುತ್ತದೆ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನ್ ನೋಡುವಾಗ ಅದು ಅರ್ಧಕ್ಕಿಂತ ಕಡಿಮೆಗೆ ಇಳಿಯಬಹುದು, ಬಡಿದರೂ ಪೂರ್ತಿ ಮುಚ್ಚುವುದಿಲ್ಲ. ರೆಪ್ಪೆ ಸರಿಯಾಗಿ ಬಡಿಯದಿದ್ದರೆ ಎಣ್ಣೆ ಹೊರಗೆ ಬರುವುದಿಲ್ಲ, ಒಳಗೇ ಗಟ್ಟಿಯಾಗುತ್ತದೆ. ಆಗ ಪದರ ಒಡೆದು, ಕಣ್ಣಿನ ಮೇಲ್ಮೈ ಒಣಗಿ ಚುರುಗುಟ್ಟುತ್ತದೆ. ಆ ಉರಿಗೆ ಗಾಬರಿಯಾದ ದೊಡ್ಡ ಗ್ರಂಥಿ ಒಮ್ಮೆಲೆ ನೀರು ಬಿಡುತ್ತದೆ. ಎಣ್ಣೆ ಇಲ್ಲದ ಆ ನೀರು ಕಣ್ಣಲ್ಲಿ ನಿಲ್ಲದೆ ಕೆನ್ನೆಗೆ ಇಳಿಯುತ್ತದೆ, ಕಣ್ಣು ಮತ್ತೆ ಒಣಗುತ್ತದೆ. ನನ್ನದು ನಳ ಜೋರು ಬಿಟ್ಟ ಬಚ್ಚಲು.

ಅಂಗಡಿಯ ಹನಿಯನ್ನು ಡಾಕ್ಟರ್ ಕಸದ ಬುಟ್ಟಿಗೆ ಹಾಕಿದರು. ಕೆಂಪು ಇಳಿಸುವ ಹನಿ ರಕ್ತನಾಳಗಳನ್ನು ಸ್ವಲ್ಪ ಹೊತ್ತು ಕುಗ್ಗಿಸುತ್ತದೆ, ಪ್ರಭಾವ ಇಳಿದ ಮೇಲೆ ಕಣ್ಣು ಮೊದಲಿಗಿಂತ ಕೆಂಪಾಗಬಹುದು. ನಿಮ್ಮ ಪುಣ್ಯ, ಇದರಲ್ಲಿ ಸ್ಟೀರಾಯ್ಡ್ ಇರಲಿಲ್ಲ ಎಂದರು. ಸ್ಟೀರಾಯ್ಡ್ ಹನಿಯನ್ನು ಡಾಕ್ಟರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ನರಕ್ಕೆ ಪೆಟ್ಟು ಬೀಳಬಹುದು, ಪೊರೆಯೂ ಬೇಗ ಬರಬಹುದು.

ನನಗೆ ಹೇಳಿದ ಚಿಕಿತ್ಸೆಯಲ್ಲಿ ದೊಡ್ಡದೇನೂ ಇರಲಿಲ್ಲ. ಬೆಳಗ್ಗೆ, ರಾತ್ರಿ ಮುಚ್ಚಿದ ರೆಪ್ಪೆಗಳ ಮೇಲೆ ಉಗುರುಬೆಚ್ಚಗಿಂತ ತುಸು ಹೆಚ್ಚು ಬಿಸಿಯಾದ ಬಟ್ಟೆ ಸುಮಾರು 10 ನಿಮಿಷ. ತಣ್ಣಗಾದರೆ ಮತ್ತೆ ಬಿಸಿ ಮಾಡಿಕೊಳ್ಳಬೇಕು. ಆಮೇಲೆ ರೆಪ್ಪೆಯನ್ನು ಅಂಚಿನ ಕಡೆಗೆ ಮೆಲ್ಲಗೆ ತೀಡಿ, ಕೂದಲ ಬುಡವನ್ನು ಒರೆಸಬೇಕು. ಸಂರಕ್ಷಕ ಬೆರೆಸದ ಕೃತಕ ಕಣ್ಣೀರು ದಿನಕ್ಕೆ ನಾಲ್ಕೈದು ಸಲ. ಸ್ಕ್ರೀನ್ ಕಣ್ಣಿನ ಮಟ್ಟಕ್ಕಿಂತ ಕೆಳಗಿರಬೇಕು, ಆಗ ಕಣ್ಣು ಪೂರ್ತಿ ಅಗಲವಾಗಿ ತೆರೆದಿರುವುದಿಲ್ಲ. ಎಸಿಯ ಗಾಳಿ ಮುಖಕ್ಕೆ ಹೊಡೆಯಬಾರದು. ನಡುನಡುವೆ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಮೊದಲ ತಿಂಗಳು ಏನೂ ವ್ಯತ್ಯಾಸ ಕಾಣದೆ ಬಿಟ್ಟುಬಿಡುವವನಿದ್ದೆ. ಮೂರನೇ ತಿಂಗಳಿಗೆ ಮಧ್ಯಾಹ್ನದ ಚುರುಚುರು ನಿಂತಿತು. ಪೂರ್ತಿ ವಾಸಿಯಾಗಿದೆ ಎನ್ನಲಾರೆ. ಎರಡು ವಾರ ಬಿಸಿಬಟ್ಟೆ ತಪ್ಪಿಸಿದರೆ ಮತ್ತೆ ಶುರು.

ಒಂದೇ ಮನೆಯಲ್ಲಿ ಎರಡು ಕಣ್ಣೀರು, ಎರಡು ಕಾರಣ, ಎರಡು ಚಿಕಿತ್ಸೆ. ನನ್ನ ಹನಿ ಅವ್ವನಿಗೆ ಹಾಕಿದ್ದರೆ ಕೀವು ಅಲ್ಲೇ ಇರುತ್ತಿತ್ತು. ಇವೆರಡೇ ಕಾರಣವೂ ಅಲ್ಲ. ಅಲರ್ಜಿಯಿದ್ದರೆ ತುರಿಕೆ ಜೊತೆಗಿರುತ್ತದೆ. ವಯಸ್ಸಾದವರಲ್ಲಿ ಕೆಳರೆಪ್ಪೆ ಜೋತುಬಿದ್ದು ಹೊರಕ್ಕೆ ಮಗುಚಿದ್ದರೆ ನೀರು ರಂಧ್ರಕ್ಕೆ ತಲುಪುವುದಿಲ್ಲ, ಒಳಕ್ಕೆ ಮಗುಚಿದ್ದರೆ ರೆಪ್ಪೆಗೂದಲು ಕಣ್ಣಿಗೆ ಉಜ್ಜಿ ನೀರು ತರಿಸುತ್ತದೆ.

ನಮ್ಮಂತೆ ಊರು ಬಿಟ್ಟು ಬಂದವರಿಗೆ ತಂದೆತಾಯಿಯ ಆರೋಗ್ಯ ಎಂದರೆ ವಾರಕ್ಕೊಂದೆರಡು ವಿಡಿಯೋ ಕಾಲ್. ಅದರಲ್ಲಿ "ಆರಾಮ ಇದ್ದೀಯೇನು?" ಎಂದರೆ "ಆರಾಮ" ಎಂಬ ಉತ್ತರವೇ ಬರುತ್ತದೆ. ಹಾಗಾಗಿ ಈಗ ನಾನು ಬಿಡಿಸಿ ಕೇಳುತ್ತೇನೆ. ಕಣ್ಣಲ್ಲಿ ನೀರು ಬರುತ್ತಿದ್ದರೆ ಒಂದರಲ್ಲೋ ಎರಡರಲ್ಲೋ? ಗಾಳಿಗೆ ಹೋದಾಗಲೋ, ಮನೆಯಲ್ಲಿ ಕೂತಾಗಲೂ ಬರುತ್ತದೋ? ಬೆಳಗ್ಗೆ ಪಿಸುರು ಕಟ್ಟುತ್ತದೆಯೇ? ಮೂಗಿನ ಪಕ್ಕ ಊತವಿದೆಯೇ? ನೋವು, ಕೆಂಪು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂದವಾಗುವುದು, ನೀರಿನಲ್ಲಿ ರಕ್ತ, ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು. ಇಷ್ಟು ಕೇಳಲು ಎರಡು ನಿಮಿಷ ಸಾಕು. ನಾನು ಆರು ವರ್ಷ ತೆಗೆದುಕೊಂಡೆ.

ಜೂನ್ ಮೂರನೇ ವಾರ ಅವ್ವ ಊರಿಗೆ ಹೊರಟಳು. ಮುಂಗಾರು ಬಿತ್ತನೆ ನಡೆದಿತ್ತು, ಇನ್ನು ನಿಲ್ಲುವುದಿಲ್ಲ ಎಂದಳು. ವಾಕಡ್ ಬ್ರಿಜ್ ಕೆಳಗೆ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತ ನಿಂತೆವು. ಮಗಳು ಅವಳ ಸೆರಗು ಹಿಡಿದುಕೊಂಡಿದ್ದಳು. ಅವ್ವ ದೂರದ ಬಸ್ಸಿನ ಬೋರ್ಡನ್ನು ನಮಗಿಂತ ಮೊದಲೇ ಓದಿ, "ಇದಲ್ಲ, ಇದು ಸಾಂಗಲಿದು" ಎಂದು ಹೇಳುತ್ತಿದ್ದಳು. ಎಡಗೈಯಲ್ಲಿ ಬುತ್ತಿಯ ಚೀಲವಿತ್ತು.

ಬಸ್ಸು ಬಂತು. ಚೀಲಗಳನ್ನು ಮೇಲಿಟ್ಟು, ಸೀಟಿನಲ್ಲಿ ಕೂರಿಸಿ ಕೆಳಗಿಳಿದೆ. ಅವ್ವ ಕಿಟಕಿಯ ಗಾಜು ಸರಿಸಿ ನನ್ನ ಮುಖವನ್ನು ದಿಟ್ಟಿಸಿ ನೋಡಿದಳು.

"ಇವತ್ತ ಹನಿ ಹಾಕ್ಕೊಂಡಿಲ್ಲೇನೋ?"

"ಹಾಕ್ಕೊಂಡೀನಬೇ" ಎಂದೆ.